ಒಂದೇ ಸೂಚ್ಯಂಕ, ಹತ್ತಾರು ಇಟಿಎಫ್: ಆರಿಸುವಾಗ ನಾನು ನೋಡುವ ಲೆಕ್ಕ

ನಿಫ್ಟಿ 50 ಸೂಚ್ಯಂಕವನ್ನು ಅನುಸರಿಸುವ ಇಟಿಎಫ್‌ಗಳು, ಅಂದರೆ ಆ ಸೂಚ್ಯಂಕದ ಷೇರುಗಳನ್ನೇ ಒಳಗಿಟ್ಟುಕೊಂಡು ತಾವೂ ಷೇರಿನ ಹಾಗೆ ಕೈ ಬದಲಾಯಿಸುವ ಫಂಡ್‌ಗಳು, ನಮ್ಮ ಷೇರುಪೇಟೆಯಲ್ಲಿ ಇವತ್ತು ಒಂದು ಡಜನ್‌ಗಿಂತ ಹೆಚ್ಚಿವೆ. ಎಲ್ಲವುಗಳ ಒಳಗೂ ಅವೇ ಐವತ್ತು ಕಂಪನಿಗಳು, ಅದೇ ಪ್ರಮಾಣದಲ್ಲಿ. ಹಾಗಿರುವಾಗ ಯಾವುದನ್ನು ಕೊಂಡರೇನು, ಎಕ್ಸ್‌ಪೆನ್ಸ್ ರೇಷಿಯೊ (ಫಂಡ್ ನಡೆಸುವವರು ವರ್ಷಕ್ಕೆ ಹಿಡಿದುಕೊಳ್ಳುವ ಶುಲ್ಕ) ಯಾವುದಕ್ಕೆ ಕಡಿಮೆಯೋ ಅದನ್ನು ತೆಗೆದುಕೊಂಡರೆ ಆಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ಆದರೂ ಆ ಕಾಲಂ ಅನ್ನು ನಾನು ಕೊನೆಗೆ ನೋಡುತ್ತೇನೆ. ಸೂಚ್ಯಂಕ ಗಳಿಸಿದ್ದೆಲ್ಲ ಹೂಡಿಕೆದಾರರ ಕೈ ಸೇರುವುದಿಲ್ಲ. ಸೂಚ್ಯಂಕದಿಂದ ಫಂಡಿನ ಎನ್‌ಎವಿಗೆ, ಅಂದರೆ ಒಂದು ಯೂನಿಟ್ ಒಳಗಿರುವ ಸರಕಿನ ಬೆಲೆಗೆ, ಬರುವಾಗ ಒಂದಿಷ್ಟು ಸೋರುತ್ತದೆ, ಎನ್‌ಎವಿಯಿಂದ ಪೇಟೆಯ ಬೆಲೆಗೆ ಬರುವಾಗ ಇನ್ನೊಂದಿಷ್ಟು. ಎಕ್ಸ್‌ಪೆನ್ಸ್ ರೇಷಿಯೊ ಹೇಳುವುದು ಮೊದಲ ಸೋರಿಕೆಯ ಒಂದು ಭಾಗವನ್ನಷ್ಟೇ. ಎರಡನೆಯದರ ಬಗ್ಗೆ ಅದು ಬಾಯಿಯನ್ನೇ ಬಿಡುವುದಿಲ್ಲ.

ನಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರಳಲ್ಲ. ಲೆಕ್ಕಪತ್ರ ಬರೆದು ಬದುಕುವವಳು. ಮನೆಯ ಉಳಿತಾಯ ನನ್ನ ಕೈಗೆ ಬಂದ ಮೇಲೆ ಫಂಡಿನ ವಿವರ ಕೊಡುವ ಫ್ಯಾಕ್ಟ್‌ಶೀಟ್‌ಗಳನ್ನು ಅಕೌಂಟ್ಸ್ ಪುಸ್ತಕ ಓದುವ ಹಾಗೆ ಓದುವುದು ರೂಢಿಯಾಯಿತು. ಇಲ್ಲಿ ಬರೆಯುತ್ತಿರುವುದು ಆ ಓದಿನಿಂದ ಬಂದದ್ದು. ಇಂಥದ್ದನ್ನೇ ಕೊಳ್ಳಿ ಎಂದು ಯಾವ ಫಂಡಿನ ಹೆಸರನ್ನೂ ಹೇಳುವ ಉದ್ದೇಶ ನನಗಿಲ್ಲ.

ಇಟಿಎಫ್ ಹೊಸ ವಸ್ತುವೇನಲ್ಲ. ಕೆನಡಾದ ಟೊರಾಂಟೊ ಪೇಟೆಯಲ್ಲಿ 1990ರಲ್ಲೇ ಇಂಥದ್ದು ಬಂದಿತ್ತು. ಅಮೆರಿಕದಲ್ಲಿ ಅಲ್ಲಿನ ದೊಡ್ಡ ಕಂಪನಿಗಳ ಸೂಚ್ಯಂಕ ಎಸ್ ಆಂಡ್ ಪಿ 500 ಅನುಸರಿಸುವ ಎಸ್‌ಪಿಡಿಆರ್ 1993ರ ಜನವರಿಯಲ್ಲಿ ಶುರುವಾಯಿತು. ನಮ್ಮಲ್ಲಿ ಮೊದಲನೆಯದು ಬೆಂಚ್‌ಮಾರ್ಕ್ ಮ್ಯೂಚುವಲ್ ಫಂಡ್ 2001ರ ಡಿಸೆಂಬರ್‌ನಲ್ಲಿ ತಂದ ನಿಫ್ಟಿ ಬೀಸ್. ಆ ಕಂಪನಿಯನ್ನು 2011ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಕೊಂಡಿತು. ಅಲ್ಲಿಂದ ಅದು ರಿಲಯನ್ಸ್ ಮ್ಯೂಚುವಲ್ ಫಂಡಿಗೆ ಹೋಯಿತು, ಅದೇ ಮುಂದೆ 2019ರಲ್ಲಿ ನಿಪ್ಪಾನ್ ಇಂಡಿಯಾ ಆಯಿತು. ಬೋರ್ಡು ಇಷ್ಟು ಸಲ ಬದಲಾದರೂ ಶುರುವಿನಲ್ಲಿ ಕೊಂಡವರ ಡಿಮ್ಯಾಟ್ (ಷೇರು ಇಡುವ) ಖಾತೆಯಲ್ಲಿ ಅದೇ ಇಟಿಎಫ್, ಅದೇ ನಿಫ್ಟಿ. ಫಂಡ್ ಹೌಸಿನ ಹೆಸರಿಗೆ ನಾನು ಹೆಚ್ಚು ತೂಕ ಕೊಡದಿರಲು ಈ ಚರಿತ್ರೆಯೂ ಒಂದು ಕಾರಣ. ಸೂಚ್ಯಂಕವನ್ನು ಎಷ್ಟು ಶಿಸ್ತಿನಿಂದ ಅನುಸರಿಸುತ್ತಾರೆ, ಪೇಟೆಯಲ್ಲಿ ಅದು ಎಷ್ಟು ಸಲೀಸಾಗಿ ಕೈ ಬದಲಾಯಿಸುತ್ತದೆ ಅನ್ನುವುದೇ ನನಗೆ ಮುಖ್ಯ.

ಇವೆರಡಕ್ಕಿಂತ ಮೊದಲು ಸೂಚ್ಯಂಕವನ್ನು ನೋಡಬೇಕು. ಬಹಳ ಜನ ಇದನ್ನು ಹಾರಿಸಿಬಿಡುತ್ತಾರೆ. ಎರಡು ಇಟಿಎಫ್‌ಗಳ ಐದು ವರ್ಷದ ರಿಟರ್ನ್ ಪಕ್ಕಪಕ್ಕ ಇಟ್ಟು, ಒಂದು ಹೆಚ್ಚು ಕೊಟ್ಟಿದೆ, ಅದೇ ಒಳ್ಳೆಯದು ಎಂದು ತೀರ್ಮಾನಿಸುತ್ತಾರೆ. ಒಂದು ನಿಫ್ಟಿ 50 ಅನುಸರಿಸುತ್ತದೆ, ಇನ್ನೊಂದು ಮಧ್ಯಮ ಗಾತ್ರದ ಕಂಪನಿಗಳ ಮಿಡ್‌ಕ್ಯಾಪ್ 150. ಅಲ್ಲಿ ಹೋಲಿಕೆಯಾದದ್ದು ಎರಡು ಸೂಚ್ಯಂಕಗಳು. ಇಟಿಎಫ್ ನಡೆಸುವವರ ಕೆಲಸದ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ.

ನಿಫ್ಟಿ 50 ಅಂದರೆ ಇಡೀ ದೇಶದ ಆರ್ಥಿಕತೆ ಎಂದುಕೊಳ್ಳುವವರಿದ್ದಾರೆ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೂಕ ಬ್ಯಾಂಕು ಮತ್ತು ಹಣಕಾಸು ಕಂಪನಿಗಳದ್ದು. ಬ್ಯಾಂಕ್ ಉದ್ಯೋಗಿಯೊಬ್ಬರು ನಿಫ್ಟಿ ಇಟಿಎಫ್ ಜೊತೆಗೆ ಬ್ಯಾಂಕ್ ನಿಫ್ಟಿ ಇಟಿಎಫ್ ಕೂಡ ಕೊಂಡರೆ ಸಂಬಳ, ಉಳಿತಾಯ ಎರಡೂ ಒಂದೇ ಗೂಟಕ್ಕೆ ಕಟ್ಟಿದ ಹಾಗಾಗುತ್ತದೆ. ಬ್ಯಾಂಕ್ ನಿಫ್ಟಿಯಲ್ಲಿ ಬಹಳ ಕಾಲ ಇದ್ದದ್ದೇ ಹನ್ನೆರಡು ಷೇರು. ಕೆಲವೇ ಷೇರುಗಳ ಕೈಯಲ್ಲಿ ಅಷ್ಟು ತೂಕ ಇರಬಾರದೆಂದು 2025ರ ಅಕ್ಟೋಬರ್‌ನಲ್ಲಿ ಸೆಬಿ ಹೊಸ ನಿಯಮ ತಂದಿತು: ಕನಿಷ್ಠ 14 ಷೇರು, ಯಾವ ಒಂದು ಷೇರಿನ ತೂಕವೂ 20% ಮೀರಬಾರದು, ಮೊದಲ ಮೂರರ ಒಟ್ಟು ತೂಕ 45% ದಾಟಬಾರದು. ಸೂಚ್ಯಂಕ ಕಲ್ಲಿನಲ್ಲಿ ಕೆತ್ತಿದ್ದಲ್ಲ, ನಿಯಮ ಬದಲಾದರೆ ನಿಮ್ಮ ಇಟಿಎಫ್ ಒಳಗಿನ ಸರಕೂ ಬದಲಾಗುತ್ತದೆ.

ಹೊಸ ಬಗೆಯ ಸೂಚ್ಯಂಕಗಳನ್ನು ನೋಡುವಾಗ ಇನ್ನೊಂದು ದಿನಾಂಕ ಗಮನಿಸಬೇಕು. ಇತ್ತೀಚೆಗೆ ಬೆಲೆ ಜೋರಾಗಿ ಏರಿದ ಷೇರುಗಳನ್ನು ಆರಿಸುವ ನಿಫ್ಟಿ 200 ಮೊಮೆಂಟಮ್ 30 ಅನ್ನೇ ತೆಗೆದುಕೊಳ್ಳಿ. ಅದರ ಗ್ರಾಫ್ 2005ರ ಏಪ್ರಿಲ್‌ನಿಂದ ಏರುತ್ತ ಹೋಗಿ ನೋಡಿದವರ ಕಣ್ಣು ಅರಳಿಸುತ್ತದೆ. ಸೂಚ್ಯಂಕ ನಿಜಕ್ಕೂ ಪೇಟೆಗೆ ಬಂದದ್ದು 2020ರ ಆಗಸ್ಟ್‌ನಲ್ಲಿ. ಅದಕ್ಕೂ ಹಿಂದಿನ ಹದಿನೈದು ವರ್ಷ ಹಳೆಯ ಬೆಲೆಗಳ ಮೇಲೆ ಕಂಪ್ಯೂಟರಿನಲ್ಲಿ ಹಾಕಿದ ಲೆಕ್ಕ. ಅಷ್ಟೂ ವರ್ಷ ಅದರಲ್ಲಿ ಯಾರೂ ಒಂದು ರೂಪಾಯಿ ಹಾಕಿರಲಿಲ್ಲ. ಹಳೆಯ ಲೆಕ್ಕದಲ್ಲಿ ಚೆನ್ನಾಗಿ ಕಂಡ ಸೂತ್ರವನ್ನೇ ಸೂಚ್ಯಂಕ ಮಾಡಿ ಬಿಡುಗಡೆ ಮಾಡುತ್ತಾರೆ, ಚೆನ್ನಾಗಿ ಕಾಣದ್ದು ನಮ್ಮ ಕಣ್ಣಿಗೇ ಬೀಳುವುದಿಲ್ಲ. 2024ರ ಸೆಪ್ಟೆಂಬರ್ ಕೊನೆಯಿಂದ ಪೇಟೆ ಇಳಿಯತೊಡಗಿದಾಗ ಇದೇ ಸೂಚ್ಯಂಕ ನಿಫ್ಟಿ 50ಕ್ಕಿಂತ ಬಹಳ ಹೆಚ್ಚು ಕುಸಿಯಿತು. ಹಾಗಂತ ಮೊಮೆಂಟಮ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸೂಚ್ಯಂಕದ ಫ್ಯಾಕ್ಟ್‌ಶೀಟ್‌ನಲ್ಲಿ ಬೇಸ್ ದಿನಾಂಕ, ಬಿಡುಗಡೆ ದಿನಾಂಕ ಎರಡೂ ಇರುತ್ತವೆ. ಅವೆರಡರ ನಡುವಿನ ವರ್ಷಗಳ ಅಂಕಿಯನ್ನು ನಾನು ನನ್ನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಮೊದಲ ಸೋರಿಕೆಗೆ ಬರೋಣ. ಟಿವಿಯಲ್ಲಿ ಕಾಣುವ ನಿಫ್ಟಿ ಬರೀ ಬೆಲೆಗಳ ಸೂಚ್ಯಂಕ. ಐವತ್ತು ಕಂಪನಿಗಳು ವರ್ಷವಿಡೀ ಕೊಡುವ ಡಿವಿಡೆಂಡ್ ಅದರಲ್ಲಿ ಸೇರಿಲ್ಲ. ಡಿವಿಡೆಂಡ್ ಸೇರಿಸಿದ ಸೂಚ್ಯಂಕ ಬೇರೆ ಇದೆ, ಟೋಟಲ್ ರಿಟರ್ನ್ ಇಂಡೆಕ್ಸ್, ಎಲ್ಲರ ಬಾಯಲ್ಲೂ ಟಿಆರ್‌ಐ. ಇಟಿಎಫ್‌ಗೆ ಡಿವಿಡೆಂಡ್ ಬರುತ್ತದೆ, ಸಾಮಾನ್ಯವಾಗಿ ಅದು ಫಂಡಿನೊಳಗೇ ಉಳಿಯುತ್ತದೆ. ಹಾಗಾಗಿ ಇಟಿಎಫ್ ಅನ್ನು ಟಿವಿಯ ನಿಫ್ಟಿ ಜೊತೆ ಹೋಲಿಸಿದರೆ ಅದು ಸೂಚ್ಯಂಕವನ್ನೇ ಸೋಲಿಸಿದಂತೆ ಕಾಣುತ್ತದೆ. ಸೆಬಿ 2018ರ ಫೆಬ್ರವರಿಯಿಂದ ಎಲ್ಲ ಮ್ಯೂಚುವಲ್ ಫಂಡ್‌ಗಳೂ ಟಿಆರ್‌ಐ ಜೊತೆಗೇ ಹೋಲಿಸಿ ತೋರಿಸಬೇಕೆಂದು ಕಡ್ಡಾಯ ಮಾಡಿತು. ಅದು ದೊಡ್ಡ ಉಪಕಾರ.

ಟಿಆರ್‌ಐ ಗಳಿಸಿದ್ದೆಷ್ಟು, ಇಟಿಎಫ್‌ನ ಎನ್‌ಎವಿ ಗಳಿಸಿದ್ದೆಷ್ಟು, ಆ ವ್ಯತ್ಯಾಸವೇ ಟ್ರ್ಯಾಕಿಂಗ್ ಡಿಫರೆನ್ಸ್. ಇದರ ಪಕ್ಕದಲ್ಲೇ ಟ್ರ್ಯಾಕಿಂಗ್ ಎರರ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಎರಡೂ ಒಂದೇ ಎಂದು ತಿಳಿದವರೇ ಹೆಚ್ಚು. ಡಿಫರೆನ್ಸ್ ಹೇಳುವುದು ಕೊನೆಗೆ ನಿಮಗೆ ಎಷ್ಟು ಕಡಿಮೆ ಬಂತು ಎಂದು. ಎರರ್ ಹೇಳುವುದು ದಿನದಿನದ ಆ ಅಂತರ ಎಷ್ಟು ಏರುಪೇರಾಗುತ್ತಿತ್ತು ಎಂದು. ವರ್ಷಕ್ಕೆ ಅರ್ಧ ಶೇಕಡಾ ಕಡಿಮೆ ಕೊಡುವ ಫಂಡು ಆ ಕಡಿತವನ್ನು ದಿನವೂ ಸಮನಾಗಿ ಹಂಚಿದರೆ ಅದರ ಟ್ರ್ಯಾಕಿಂಗ್ ಎರರ್ ಹೆಚ್ಚುಕಡಿಮೆ ಸೊನ್ನೆ. ಬರೀ ಎರರ್ ನೋಡಿ ಕೊಂಡವರು ಅದನ್ನು ಅತಿ ಶಿಸ್ತಿನ ಫಂಡ್ ಎಂದುಕೊಳ್ಳುತ್ತಾರೆ. ದೀರ್ಘಕಾಲ ಇಟ್ಟುಕೊಳ್ಳುವವರಿಗೆ ಡಿಫರೆನ್ಸ್ ಮುಖ್ಯ. ಎರರ್ ನನಗೆ ಎಚ್ಚರಿಕೆಯ ಗಂಟೆ ಮಾತ್ರ: ಅದು ದಿಢೀರನೆ ಏರಿದರೆ ಒಳಗೆ ಏನೋ ತೊಡಕಾಗಿದೆ ಎಂದರ್ಥ.

2022ರ ಮೇ ತಿಂಗಳಲ್ಲಿ ಸೆಬಿ ಪ್ಯಾಸಿವ್ (ಸೂಚ್ಯಂಕವನ್ನಷ್ಟೇ ಅನುಸರಿಸುವ) ಫಂಡ್‌ಗಳಿಗಾಗಿಯೇ ಒಂದು ಸುತ್ತೋಲೆ ಹೊರಡಿಸಿತು. ಟ್ರ್ಯಾಕಿಂಗ್ ಎರರ್ ದಿನವೂ, ಟ್ರ್ಯಾಕಿಂಗ್ ಡಿಫರೆನ್ಸ್ ತಿಂಗಳಿಗೊಮ್ಮೆ ಫಂಡ್ ಹೌಸಿನ ವೆಬ್‌ಸೈಟ್‌ನಲ್ಲೂ ಫಂಡ್ ಹೌಸ್‌ಗಳ ಒಕ್ಕೂಟವಾದ ಆಂಫಿಯ ವೆಬ್‌ಸೈಟ್‌ನಲ್ಲೂ ಹಾಕಲೇಬೇಕು. ಡಿಫರೆನ್ಸ್ ಒಂದು, ಮೂರು, ಐದು, ಹತ್ತು ವರ್ಷಗಳಿಗೆ ಬೇರೆ ಬೇರೆಯಾಗಿ ಇರಬೇಕು. ಈಕ್ವಿಟಿ (ಷೇರುಗಳ) ಇಟಿಎಫ್‌ಗಳ ಟ್ರ್ಯಾಕಿಂಗ್ ಎರರ್‌ಗೆ 2% ಮಿತಿ. ಅಂದರೆ ಹೋಲಿಕೆಗೆ ಬೇಕಾದ ಅಂಕಿ ಈಗ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತದೆ. ನಾನು ಒಂದು ವರ್ಷದ್ದನ್ನು ಬಿಟ್ಟು ಮೂರು ಮತ್ತು ಐದು ವರ್ಷದ್ದನ್ನು ನೋಡುತ್ತೇನೆ. ಒಂದು ವರ್ಷದಲ್ಲಿ ಅದೃಷ್ಟದ ಪಾಲೂ ಇರುತ್ತದೆ.

ವರ್ಷಕ್ಕೆ 0.1% ಅಂದರೆ ಏನು ಮಹಾ ಅನ್ನಿಸಬಹುದು. ಹತ್ತು ಲಕ್ಷ ರೂಪಾಯಿ ಇಪ್ಪತ್ತು ವರ್ಷ, ವರ್ಷಕ್ಕೆ 12%ರಂತೆ ಬೆಳೆದರೆ ಸುಮಾರು 96.5 ಲಕ್ಷ ಆಗುತ್ತದೆ. 11.9%ರಂತೆ ಬೆಳೆದರೆ ಸುಮಾರು 94.8 ಲಕ್ಷ. ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ವ್ಯತ್ಯಾಸ. 12% ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ, ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ. ಶುಲ್ಕ ಮಾತ್ರ ಲಾಭ ಬಂದರೂ ನಷ್ಟ ಬಂದರೂ ತಪ್ಪದೆ ಹೋಗುತ್ತದೆ.

ಎಕ್ಸ್‌ಪೆನ್ಸ್ ರೇಷಿಯೊ ಅಷ್ಟೇ ಇದ್ದರೂ ಡಿಫರೆನ್ಸ್ ಹೆಚ್ಚಾಗುವುದು ಯಾಕೆ? ಫಂಡಿನಲ್ಲಿ ಸ್ವಲ್ಪ ನಗದು ಕೂತಿರುತ್ತದೆ. ಷೇರು ಎಕ್ಸ್-ಡಿವಿಡೆಂಡ್ ಆದ (ಆಮೇಲೆ ಕೊಂಡವರಿಗೆ ಆ ಡಿವಿಡೆಂಡ್ ಸಿಗದ) ದಿನವೇ ಟಿಆರ್‌ಐ ಅದನ್ನು ಸೇರಿಸಿಕೊಳ್ಳುತ್ತದೆ, ಫಂಡಿನ ಖಾತೆಗೆ ಹಣ ಬರುವುದು ತಡ. ಸೂಚ್ಯಂಕದಲ್ಲಿ ಷೇರು ಬದಲಾದಾಗ ಮಾರಿ ಕೊಳ್ಳುವ ಖರ್ಚಿದೆ. ಇವೆಲ್ಲ ಪುಸ್ತಕದ ಕಾರಣಗಳು. ಇವು ನಿಜಕ್ಕೂ ಹೇಗೆ ಆಡುತ್ತವೆ ಎಂದು ನನಗೆ ಸ್ಪಷ್ಟವಾದದ್ದು 2023ರ ಜಿಯೊ ಫೈನಾನ್ಷಿಯಲ್ ಪ್ರಸಂಗದಲ್ಲಿ.

ಆ ವರ್ಷ ಜುಲೈ 20ರಂದು ರಿಲಯನ್ಸ್ ಇಂಡಸ್ಟ್ರೀಸ್‌ನಿಂದ ಜಿಯೊ ಫೈನಾನ್ಷಿಯಲ್ ಬೇರ್ಪಟ್ಟಿತು. ಅವತ್ತು ಬೆಳಿಗ್ಗೆ ವಿಶೇಷ ವಹಿವಾಟು ನಡೆಸಿ ಹೊಸ ಕಂಪನಿಯ ಬೆಲೆ 261.85 ರೂಪಾಯಿ ಎಂದು ಕಂಡುಕೊಂಡರು. ಷೇರು ಇನ್ನೂ ಪೇಟೆಗೇ ಬಂದಿರಲಿಲ್ಲ. ಆದರೂ ಸೂಚ್ಯಂಕದಲ್ಲಿ ಅದನ್ನು ಅದೇ ಬೆಲೆಗೆ ಇಟ್ಟುಕೊಂಡರು, ನಿಫ್ಟಿ 50ರಲ್ಲಿ ಕೆಲಕಾಲ 51 ಕಂಪನಿಗಳಿದ್ದವು. ಆಗಸ್ಟ್ 21ಕ್ಕೆ ಷೇರು ಲಿಸ್ಟ್ ಆಯಿತು, ಕೆಲವು ದಿನಗಳಲ್ಲಿ ಸೂಚ್ಯಂಕದಿಂದ ತೆಗೆಯಬೇಕಿತ್ತು. ಆದರೆ ಲಿಸ್ಟ್ ಆದ ಕೂಡಲೇ ದಿನವೂ ಲೋವರ್ ಸರ್ಕಿಟ್, ಅಂದರೆ ಒಂದು ದಿನಕ್ಕೆ ಇಳಿಯಬಹುದಾದಷ್ಟೂ ಇಳಿದು ಬೆಲೆ ಅಲ್ಲೇ ನಿಲ್ಲುತ್ತಿತ್ತು. ಕೊಳ್ಳುವವರೇ ಇಲ್ಲದಿದ್ದಾಗ ಇಂಡೆಕ್ಸ್ ಫಂಡ್‌ಗಳು ಮಾರುವುದು ಯಾರಿಗೆ? ಸೂಚ್ಯಂಕ ಕಾಗದದ ಮೇಲೆ ಒಂದು ಗೆರೆ ಎಳೆದು ಷೇರನ್ನು ತೆಗೆದುಬಿಡಬಹುದು, ಫಂಡ್ ನಡೆಸುವವರು ನಿಜವಾದ ಷೇರನ್ನು ನಿಜವಾದ ಮನುಷ್ಯರಿಗೆ ಮಾರಬೇಕು. ಕೊನೆಗೆ ತೆಗೆಯುವ ದಿನಾಂಕವನ್ನೇ ಮುಂದೂಡಬೇಕಾಯಿತು. ಇಂಥ ಗಳಿಗೆಯನ್ನು ಯಾವ ಫಂಡ್ ಹೇಗೆ ದಾಟಿತು ಅನ್ನುವುದು ಟ್ರ್ಯಾಕಿಂಗ್ ಡಿಫರೆನ್ಸ್‌ನಲ್ಲಿ ದಾಖಲಾಗುತ್ತದೆ. ಫಂಡ್ ಮ್ಯಾನೇಜರ್ ಏನೂ ಮಾಡುವುದಿಲ್ಲ, ಬರೀ ನಕಲು ಮಾಡುತ್ತಾರೆ ಎಂಬ ಮಾತನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಒಳ್ಳೆಯ ನಕಲು ಸುಲಭದ ಕೆಲಸವಲ್ಲ.

ಇನ್ನು ಎರಡನೆಯ ಸೋರಿಕೆ. ಇಟಿಎಫ್ ಅನ್ನು ಸಾಮಾನ್ಯ ಮ್ಯೂಚುವಲ್ ಫಂಡಿನಿಂದ ಬೇರೆ ಮಾಡುವುದು ಇದೇ. ಮ್ಯೂಚುವಲ್ ಫಂಡಿನಲ್ಲಿ ನಿಮಗೆ ಯೂನಿಟ್ ಕೊಡುವುದು ಫಂಡ್ ಹೌಸ್, ಎನ್‌ಎವಿಗೇ ಕೊಡುತ್ತದೆ. ಇಟಿಎಫ್‌ನಲ್ಲಿ ನಿಮಗೆ ಮಾರುವುದು ಪೇಟೆಯಲ್ಲಿರುವ ಇನ್ನೊಬ್ಬರು. ಅವರು ಕೇಳಿದ ಬೆಲೆಗೂ ಎನ್‌ಎವಿಗೂ ನಂಟು ಉಳಿಸುವವರು ಮಾರ್ಕೆಟ್ ಮೇಕರ್‌ಗಳು. ಬೆಲೆ ಎನ್‌ಎವಿಗಿಂತ ಮೇಲೆ ಹೋದರೆ ಅವರು ಐವತ್ತು ಕಂಪನಿಗಳ ಷೇರನ್ನು ಕೊಂಡು ಫಂಡ್ ಹೌಸಿಗೆ ಕೊಟ್ಟು, ಹೊಸ ಯೂನಿಟ್ ಪಡೆದು ಪೇಟೆಯಲ್ಲಿ ಮಾರುತ್ತಾರೆ. ಬೆಲೆ ಕೆಳಗಿಳಿದರೆ ಇದೇ ಕೆಲಸ ಉಲ್ಟಾ. ಪ್ರತಿ ಇಟಿಎಫ್‌ಗೂ ಕನಿಷ್ಠ ಇಬ್ಬರು ಮಾರ್ಕೆಟ್ ಮೇಕರ್ ಇರಬೇಕೆಂದು ಅದೇ 2022ರ ಸುತ್ತೋಲೆ ಹೇಳುತ್ತದೆ. ಪೇಟೆ ನಡೆಯುತ್ತಿರುವಾಗ ಆ ಕ್ಷಣದ ಅಂದಾಜು ಎನ್‌ಎವಿಯನ್ನು, ಅಂದರೆ ಐಎನ್‌ಎವಿಯನ್ನು, ಈಕ್ವಿಟಿ ಇಟಿಎಫ್‌ಗಳು 15 ಸೆಕೆಂಡಿಗಿಂತ ಹೆಚ್ಚು ತಡವಿಲ್ಲದೆ ತೋರಿಸಬೇಕೆಂದೂ ಹೇಳುತ್ತದೆ.

ನಿಯಮ ಇದ್ದರೂ ಎಲ್ಲ ಇಟಿಎಫ್‌ಗಳಲ್ಲೂ ಮಾರ್ಕೆಟ್ ಮೇಕರ್‌ಗಳ ಉತ್ಸಾಹ ಒಂದೇ ಥರ ಇರುವುದಿಲ್ಲ. ಆರ್ಡರ್ ಹಾಕುವ ಮೊದಲು ಮಾರ್ಕೆಟ್ ಡೆಪ್ತ್ ಎಂಬ ಚಿಕ್ಕ ಪಟ್ಟಿ ತೆರೆದು ನೋಡಿ. ಎಡಕ್ಕೆ ಕೊಳ್ಳುವವರ ಐದು ಬೆಲೆ, ಬಲಕ್ಕೆ ಮಾರುವವರ ಐದು ಬೆಲೆ, ಪಕ್ಕದಲ್ಲಿ ಎಷ್ಟು ಯೂನಿಟ್ ಎಂದು. ಚೆನ್ನಾಗಿ ವಹಿವಾಟಾಗುವ ನಿಫ್ಟಿ ಇಟಿಎಫ್‌ನಲ್ಲಿ ಐಎನ್‌ಎವಿ 278.45 ಇದ್ದರೆ ಕೊಳ್ಳುವವರು 278.42ಕ್ಕೆ, ಮಾರುವವರು 278.47ಕ್ಕೆ ನಿಂತಿರುತ್ತಾರೆ, ಎರಡೂ ಕಡೆ ಸಾವಿರಗಟ್ಟಲೆ ಯೂನಿಟ್. ಐದು ಪೈಸೆ ಅಂತರ. ವಹಿವಾಟು ತೀರಾ ಕಡಿಮೆ ಇರುವ ಒಂದು ಇಟಿಎಫ್ ಹೀಗಿರಬಹುದು: ಐಎನ್‌ಎವಿ 112.40. ಮಾರುವವರ ಸಾಲಿನಲ್ಲಿ 113.10ಕ್ಕೆ 150 ಯೂನಿಟ್, 113.60ಕ್ಕೆ 250, ಆಮೇಲೆ 114.80ಕ್ಕೆ ಸಾವಿರ. ನಿಮಗೆ ಸಾವಿರ ಯೂನಿಟ್ ಬೇಕು, ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಡಿ ಎನ್ನುವ ಆರ್ಡರ್) ಹಾಕಿದಿರಿ. ಮೊದಲ 150, ಆಮೇಲಿನ 250 ಮುಗಿದು ಉಳಿದ 600 ಯೂನಿಟ್ 114.80ಕ್ಕೆ ಬರುತ್ತದೆ. ಒಟ್ಟು ಕೊಟ್ಟದ್ದು 1,14,245 ರೂಪಾಯಿ, ಒಳಗಿರುವ ಸರಕಿನ ಬೆಲೆ 1,12,400. ಒಂದೇ ಕ್ಷಣದಲ್ಲಿ 1,845 ರೂಪಾಯಿ ಹೋಯಿತು. ಈ ಇಟಿಎಫ್‌ನ ಎಕ್ಸ್‌ಪೆನ್ಸ್ ರೇಷಿಯೊ ಇನ್ನೊಂದಕ್ಕಿಂತ 0.05% ಕಡಿಮೆ ಎಂದು ಇದನ್ನು ಆರಿಸಿದ್ದರೆ, ವರ್ಷಕ್ಕೆ ಉಳಿಯುವುದು 56 ರೂಪಾಯಿ. ಕೊಳ್ಳುವಾಗ ಹೋದದ್ದು ತುಂಬಿಕೊಳ್ಳಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕು. ಮಾರುವ ದಿನ ಎಡಗಡೆಯ ಸಾಲಿನಲ್ಲೂ ಇದೇ ಕಥೆ.

ಹಾಗಾಗಿ ಇಟಿಎಫ್‌ಗೆ ಯಾವತ್ತೂ ಲಿಮಿಟ್ ಆರ್ಡರ್. ಐಎನ್‌ಎವಿ ನೋಡಿ, ಅದರ ಆಸುಪಾಸಿನಲ್ಲಿ ಬೆಲೆ ಬರೆದು ಕಾಯುವುದು. ಪೇಟೆ ತೆರೆದ ಮೊದಲ ಕೆಲವು ನಿಮಿಷ ಕೊಳ್ಳುವವರ ಬೆಲೆ, ಮಾರುವವರ ಬೆಲೆ ಎರಡೂ ಇನ್ನೂ ತಳ ಊರಿರುವುದಿಲ್ಲ, ಆಗ ನಾನು ಆರ್ಡರ್ ಹಾಕುವುದಿಲ್ಲ.

ಇಲ್ಲಿ ಬಹಳ ಜನರ ದಾರಿ ತಪ್ಪಿಸುವ ಸಂಖ್ಯೆ ಫಂಡಿನ ಗಾತ್ರ. ದೊಡ್ಡ ಫಂಡ್ ಅಂದರೆ ಸುಲಭವಾಗಿ ಮಾರಬಹುದು ಎಂಬ ನಂಬಿಕೆ. ನಮ್ಮ ದೇಶದ ಅತಿ ದೊಡ್ಡ ಇಟಿಎಫ್ ಎಸ್‌ಬಿಐ ನಿಫ್ಟಿ 50. ಅದು ಅಷ್ಟು ದೊಡ್ಡದಾದದ್ದು ಸಣ್ಣ ಹೂಡಿಕೆದಾರರಿಂದಲ್ಲ. ನೌಕರರ ಭವಿಷ್ಯ ನಿಧಿ ಸಂಸ್ಥೆ 2015ರ ಆಗಸ್ಟ್‌ನಲ್ಲಿ ಇಟಿಎಫ್‌ಗಳಲ್ಲಿ ಹೂಡಲು ಶುರುಮಾಡಿತು, ಮೊದಲು ಹೊಸದಾಗಿ ಹೂಡುವ ಹಣದ 5%, ಆಮೇಲೆ ಏರಿಸುತ್ತ 15%. ನಮ್ಮ ಪಿಎಫ್ ಹಣದ ಒಂದು ಭಾಗ ಹೀಗೆ ಅಲ್ಲಿಗೆ ಹೋಗಿ ಕೂತಿದೆ. ಆ ಹಣ ಪೇಟೆಯಲ್ಲಿ ದಿನವೂ ಓಡಾಡುವುದಿಲ್ಲ. ದಿನದ ವಹಿವಾಟಿನಲ್ಲಿ ಅದಕ್ಕಿಂತ ಎಷ್ಟೋ ಚಿಕ್ಕದಾದ ನಿಫ್ಟಿ ಬೀಸ್ ಮುಂದಿರುತ್ತದೆ. ಗಾತ್ರ ಹೇಳುವುದು ಒಳಗೆ ಎಷ್ಟು ಹಣ ಇದೆ ಎಂದು. ಹೊರಗೆ ಬರುವ ಬಾಗಿಲು ಎಷ್ಟು ಅಗಲ ಅನ್ನುವುದಕ್ಕೆ ಡೆಪ್ತ್ ಪಟ್ಟಿಯನ್ನೇ ನೋಡಬೇಕು.

ಯೂನಿಟ್ ಬೆಲೆಯ ವಿಷಯದಲ್ಲೂ ಇಂಥದ್ದೇ ಒಂದು ತಪ್ಪು ತಿಳಿವಳಿಕೆ ಇದೆ. 27 ರೂಪಾಯಿಯ ಇಟಿಎಫ್ 270 ರೂಪಾಯಿಯದ್ದಕ್ಕಿಂತ ಅಗ್ಗವಲ್ಲ, ಯೂನಿಟ್ ಚಿಕ್ಕದು, ಅಷ್ಟೇ. ಗೋಲ್ಡ್ ಬೀಸ್ 2007ರಲ್ಲಿ ಬಂದಾಗ ಒಂದು ಯೂನಿಟ್ ಸುಮಾರು ಒಂದು ಗ್ರಾಂ ಚಿನ್ನಕ್ಕೆ ಸಮ, 2019ರ ಡಿಸೆಂಬರ್‌ನಲ್ಲಿ ಅದನ್ನು ನೂರು ಭಾಗ ಮಾಡಿದರು. ಸಣ್ಣ ಮೊತ್ತದಲ್ಲಿ ಕೊಳ್ಳುವವರಿಗೆ ಅನುಕೂಲವಾಯಿತು. ಚಿನ್ನದ ಇಟಿಎಫ್‌ಗಳ ಶುಲ್ಕ ನಿಫ್ಟಿ ಇಟಿಎಫ್‌ಗಳಿಗಿಂತ ಹಲವು ಪಟ್ಟು ಹೆಚ್ಚು, ಗಟ್ಟಿ ಚಿನ್ನವನ್ನು ಭದ್ರವಾಗಿ ಇಡುವ ಖರ್ಚೂ ಅದರಲ್ಲಿ ಸೇರಿದೆ. ಇಲ್ಲಿ ಮಾತ್ರ ಫಂಡಿನಿಂದ ಫಂಡಿಗೆ ಶುಲ್ಕದ ಅಂತರ ದೊಡ್ಡದಿರುವುದರಿಂದ ಆ ಕಾಲಂ ಅನ್ನು ನಾನು ಮೊದಲೇ ನೋಡುತ್ತೇನೆ. ಆಮದು ಸುಂಕವೂ ಈ ಬೆಲೆಯ ಒಳಗಿದೆ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕ 15%ರಿಂದ 6%ಕ್ಕೆ ಇಳಿದಾಗ ಹೊರದೇಶದ ಚಿನ್ನದ ಬೆಲೆಯಲ್ಲಿ ಅಂಥ ಬದಲಾವಣೆ ಇಲ್ಲದೆಯೂ ನಮ್ಮ ಚಿನ್ನದ ಇಟಿಎಫ್‌ಗಳು ಬಿದ್ದವು.

ಮಾರ್ಕೆಟ್ ಮೇಕರ್‌ಗಳು ಹೊಸ ಯೂನಿಟ್ ಮಾಡಿಸಲು ಸಾಧ್ಯವಾಗದೆ ಹೋದರೆ ಏನಾಗುತ್ತದೆ? ಎನ್‌ಎವಿಗೂ ಬೆಲೆಗೂ ಇರುವ ಹಗ್ಗ ಕಡಿಯುತ್ತದೆ. ಹೊರದೇಶದ ಷೇರು ಇಟ್ಟುಕೊಂಡ ನಮ್ಮ ಇಟಿಎಫ್‌ಗಳಲ್ಲಿ ಆದದ್ದು ಇದೇ. ನಮ್ಮ ಮ್ಯೂಚುವಲ್ ಫಂಡ್ ಉದ್ಯಮ ಒಟ್ಟಾರೆ 700 ಕೋಟಿ ಡಾಲರ್‌ಗಿಂತ ಹೆಚ್ಚು ಹೊರದೇಶದ ಷೇರುಗಳಲ್ಲಿ ಹಾಕುವಂತಿಲ್ಲ, ಹೊರದೇಶದಲ್ಲೇ ನೋಂದಣಿಯಾದ ಇಟಿಎಫ್‌ಗಳಲ್ಲಿ ಹಾಕಲು ಪ್ರತ್ಯೇಕವಾಗಿ 100 ಕೋಟಿ ಡಾಲರ್ ಮಿತಿ. ಮೊದಲನೆಯದರ ಹತ್ತಿರ ಬಂದಾಗ 2022ರ ಶುರುವಿನಲ್ಲಿ, ಎರಡನೆಯದರ ಹತ್ತಿರ ಬಂದಾಗ 2024ರ ಏಪ್ರಿಲ್‌ನಿಂದ ಹೊಸ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ನಮ್ಮಲ್ಲಿ ವಹಿವಾಟಾಗುವ, ಅಮೆರಿಕದ ನ್ಯಾಸ್‌ಡ್ಯಾಕ್ 100 ಸೂಚ್ಯಂಕದ ಇಟಿಎಫ್‌ನಂಥವು ಇದ್ದಷ್ಟೇ ಯೂನಿಟ್‌ಗಳಲ್ಲಿ ಕೈ ಬದಲಾಯಿಸತೊಡಗಿದವು. ಕೊಳ್ಳುವವರು ಹೆಚ್ಚಾದ ದಿನಗಳಲ್ಲಿ ಬೆಲೆ ಎನ್‌ಎವಿಗಿಂತ ಬಹಳ ಮೇಲೆ ಓಡಿತು. 10% ಪ್ರೀಮಿಯಂ, ಅಂದರೆ ಎನ್‌ಎವಿಗಿಂತ 10% ಹೆಚ್ಚು, ಕೊಟ್ಟು ಕೊಂಡರೆ ಒಂದು ಲಕ್ಷಕ್ಕೆ ಸಿಗುವುದು ಸುಮಾರು 90,900 ರೂಪಾಯಿಯ ಅಮೆರಿಕನ್ ಷೇರು. ಮಿತಿ ಸಡಿಲವಾದ ದಿನ ಪ್ರೀಮಿಯಂ ಕರಗಿದರೆ, ನ್ಯಾಸ್‌ಡ್ಯಾಕ್ ಬೀಳದೆಯೂ ನೀವು ಒಂಬತ್ತು ಸಾವಿರ ಕಳೆದುಕೊಂಡಿರುತ್ತೀರಿ. ಆ್ಯಪ್‌ನಲ್ಲಿ ಕಾಣುವ ಒಂದು ವರ್ಷದ ರಿಟರ್ನ್ ಹೆಚ್ಚಾಗಿ ಪೇಟೆಯ ಬೆಲೆಯದ್ದು. ಪ್ರೀಮಿಯಂ ಏರಿದ್ದೂ ಅಲ್ಲಿ ಲಾಭವಾಗಿಯೇ ಕಾಣುತ್ತದೆ. ಹೋಲಿಸುವಾಗ ಎನ್‌ಎವಿಯ ರಿಟರ್ನ್ ಹುಡುಕಿ ತೆಗೆಯಿರಿ.

ಬೆಳ್ಳಿಯಲ್ಲೂ 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಹೊಸ್ತಿಲಲ್ಲಿ, ಇದೇ ಆಯಿತು. ಪೇಟೆಯಲ್ಲಿ ಗಟ್ಟಿ ಬೆಳ್ಳಿಗೇ ಕೊರತೆ. ಬೆಳ್ಳಿ ಸಿಗದೆ ಹೊಸ ಯೂನಿಟ್ ಹೇಗೆ ಹುಟ್ಟಬೇಕು? ಸಿಲ್ವರ್ ಇಟಿಎಫ್‌ಗಳ ಬೆಲೆ ಎನ್‌ಎವಿಯನ್ನು ಹಿಂದೆ ಬಿಟ್ಟು ಏರಿತು. ಕೆಲವು ಫಂಡ್ ಹೌಸ್‌ಗಳು ಸಿಲ್ವರ್ ಇಟಿಎಫ್‌ನಲ್ಲಿ ಹೂಡುವ ತಮ್ಮ ಫಂಡ್ ಆಫ್ ಫಂಡ್‌ಗಳಿಗೆ ಹೊಸದಾಗಿ ಇಡಿಗಂಟು ತೆಗೆದುಕೊಳ್ಳುವುದನ್ನು ತಾವಾಗಿಯೇ ನಿಲ್ಲಿಸಿದವು. ಅದೇ ವಾರ ಶಿವಮೊಗ್ಗದಿಂದ ನಮ್ಮ ಭಾವ ಫೋನ್ ಮಾಡಿದರು.

"ಎಲ್ಲರೂ ಬೆಳ್ಳಿ ತಗೊಳ್ತಿದ್ದಾರೆ. ನಾನೂ ಒಂದೆರಡು ಲಕ್ಷ ಹಾಕಲೇನಮ್ಮ?"

"ಬೆಳ್ಳಿ ಬೇಕೋ ಬೇಡ್ವೋ ಅನ್ನೋದು ನಿಮಗೆ ಬಿಟ್ಟಿದ್ದು ಭಾವ. ಒಂದು ಕೆಲಸ ಮಾಡಿ, ಎನ್‌ಎಸ್‌ಇ ವೆಬ್‌ಸೈಟ್‌ನಲ್ಲಿ ಆ ಇಟಿಎಫ್ ತೆಗೀರಿ. ಬೆಲೆ ಎಷ್ಟಿದೆ, ಐಎನ್‌ಎವಿ ಎಷ್ಟಿದೆ, ಎರಡನ್ನೂ ಓದಿ ಹೇಳಿ."

ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದಕ್ಕೊಂದು ತಾಳೆನೇ ಇಲ್ವಲ್ಲಮ್ಮ" ಅಂದರು.

"ಆ ಹೆಚ್ಚಿಗೆ ದುಡ್ಡಿಗೆ ಬೆಳ್ಳಿ ಬರಲ್ಲ ಭಾವ."

ಅವರು ಕಾದರು. ಆ ತಿಂಗಳು ಮುಗಿಯುವುದರೊಳಗೆ ಬೆಳ್ಳಿಯ ಬೆಲೆಯೂ ಇಳಿಯಿತು, ಪ್ರೀಮಿಯಂ ಕೂಡ ಕರಗಿತು. ಬೆಳ್ಳಿ ಆಮೇಲೆ ಏರುತ್ತದೋ ಇಳಿಯುತ್ತದೋ ಎಂದು ನನಗೆ ಅವತ್ತು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕಿತ್ತು.

ಡಾಲರ್‌ನಲ್ಲೇ ಹೂಡುವವರಿಗೆ ಹೋಲಿಕೆಯ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ: ಇಟಿಎಫ್ ಯಾವ ದೇಶದಲ್ಲಿ ನೋಂದಣಿಯಾಗಿದೆ. ಎಲ್‌ಆರ್‌ಎಸ್ ದಾರಿಯಲ್ಲಿ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿರುವ ಅವಕಾಶ) ಇಲ್ಲಿಂದ ಹಣ ಕಳಿಸಿ ಅಮೆರಿಕದ ಇಟಿಎಫ್ ಕೊಂಡ ಭಾರತೀಯರು ತೀರಿಕೊಂಡರೆ, ಅಲ್ಲಿನ ಆಸ್ತಿ 60,000 ಡಾಲರ್ ಮೀರಿದ್ದರೆ ಅಮೆರಿಕದ ಎಸ್ಟೇಟ್ ಟ್ಯಾಕ್ಸ್ ಬೀಳಬಹುದು, ದರ 40%ವರೆಗೂ ಹೋಗುತ್ತದೆ. ಅದೇ ಎಸ್ ಆಂಡ್ ಪಿ 500 ಅನುಸರಿಸುವ ಐರ್ಲೆಂಡ್ ನೋಂದಣಿಯ ಇಟಿಎಫ್‌ಗೆ ಆ ತೊಡಕಿಲ್ಲ. ಅಮೆರಿಕದಲ್ಲಿ ನೆಲೆಸಿ ಅಲ್ಲಿ ತೆರಿಗೆ ಕಟ್ಟುವ ನಮ್ಮ ಕನ್ನಡಿಗರಿಗೆ ಇದರ ಇನ್ನೊಂದು ಮುಖ: ಊರಿನ ಅಭಿಮಾನಕ್ಕೆ ಇಲ್ಲಿನ ಇಟಿಎಫ್, ಮ್ಯೂಚುವಲ್ ಫಂಡ್ ಕೊಂಡರೆ ಅಲ್ಲಿನ ಕಾನೂನು ಅದನ್ನು ಪಿಎಫ್‌ಐಸಿ (ಹೊರದೇಶದ ಹೂಡಿಕೆ ಕಂಪನಿ) ಎಂದು ನೋಡುತ್ತದೆ, ಬಿಗಿಯಾದ ತೆರಿಗೆ, ಪ್ರತ್ಯೇಕ ಫಾರಂ. ನಿಫ್ಟಿ ಎಷ್ಟೇ ಚೆನ್ನಾಗಿ ಓಡಿದರೂ ಆ ಲೆಕ್ಕ ಕೂಡಿಬರುವುದು ಕಷ್ಟ. ಅಂಥವರು ಕೊಳ್ಳುವ ಮೊದಲೇ ಅಲ್ಲಿನ ತೆರಿಗೆ ಬಲ್ಲವರನ್ನು ಕೇಳಲೇಬೇಕು.

ಇಷ್ಟೆಲ್ಲ ಗಮನಿಸಲು ಪುರುಸೊತ್ತಿಲ್ಲದವರು ಇಟಿಎಫ್ ಬಿಟ್ಟು ಇಂಡೆಕ್ಸ್ ಫಂಡ್, ಅಂದರೆ ಅದೇ ಸೂಚ್ಯಂಕ ಅನುಸರಿಸುವ ಸಾಮಾನ್ಯ ಮ್ಯೂಚುವಲ್ ಫಂಡ್, ಕೊಂಡರೆ ಏನೂ ತಪ್ಪಿಲ್ಲ. ತಿಂಗಳಿಗೆ ಐದು ಸಾವಿರ ಎಸ್‌ಐಪಿ ಹಾಕುವವರಿಗೆ ನಾನು ಹೇಳುವುದೇ ಅದನ್ನು. ಶುಲ್ಕ ಒಂದು ಚೂರು ಹೆಚ್ಚಿರಬಹುದು, ಆದರೆ ಕೊಳ್ಳುವಾಗಲೂ ಮಾರುವಾಗಲೂ ಎನ್‌ಎವಿಯೇ ಸಿಗುತ್ತದೆ. ಡೆಪ್ತ್ ಪಟ್ಟಿ ಬೇಡ, ಐಎನ್‌ಎವಿ ಬೇಡ, ಡಿಮ್ಯಾಟ್ ಖಾತೆಯೂ ಬೇಡ. ಇಟಿಎಫ್‌ನಲ್ಲಿ ಫಂಡ್ ಹೌಸಿನ ಜೊತೆ ನೇರ ವ್ಯವಹಾರ, ಮಾರ್ಕೆಟ್ ಮೇಕರ್‌ಗಳನ್ನು ಬಿಟ್ಟರೆ, 25 ಕೋಟಿ ರೂಪಾಯಿ ಮೀರಿದ ಮೊತ್ತಕ್ಕೆ ಮಾತ್ರ. ನಮ್ಮಂಥವರಿಗೂ ಒಂದು ತುರ್ತು ಬಾಗಿಲಿದೆ: ಪೇಟೆಯ ಮುಕ್ತಾಯದ ಬೆಲೆ ಸತತ ಏಳು ವಹಿವಾಟಿನ ದಿನ ಎನ್‌ಎವಿಗಿಂತ 1%ಕ್ಕೂ ಹೆಚ್ಚು ಕೆಳಗಿದ್ದರೆ, ಅಥವಾ ಸತತ ಮೂರು ದಿನ ಪೇಟೆಯಲ್ಲಿ ಬೆಲೆಯೇ ಸಿಗದಿದ್ದರೆ, ಸಣ್ಣ ಹೂಡಿಕೆದಾರರೂ ಯೂನಿಟ್‌ಗಳನ್ನು ನೇರವಾಗಿ ಫಂಡ್ ಹೌಸಿಗೇ ಹಿಂತಿರುಗಿಸಬಹುದು, ಎಕ್ಸಿಟ್ ಲೋಡ್ (ಹೊರಬರುವ ಶುಲ್ಕ) ಇಲ್ಲ. ಸ್ಕೀಮಿನ ದಾಖಲೆಯಲ್ಲಿ ಇದು ಬರೆದಿರುತ್ತದೆ, ಹುಡುಕಿ ಓದಿಟ್ಟುಕೊಳ್ಳಿ.

ಈಗಾಗಲೇ ಒಂದು ಇಟಿಎಫ್ ಇಟ್ಟುಕೊಂಡಿರುವವರು ಇನ್ನೂ ಒಳ್ಳೆಯದು ಕಂಡಾಗ ಇದನ್ನು ಮಾರಿ ಅದಕ್ಕೆ ಹೋಗಲೇ ಎಂದು ಕೇಳುತ್ತಾರೆ. ಇದಕ್ಕೂ ಲೆಕ್ಕವಿದೆ. 2024ರ ಜುಲೈ 23ರಿಂದ ಈಚೆಗೆ ಈಕ್ವಿಟಿ ಇಟಿಎಫ್ ಅನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ, ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ 12.5% ತೆರಿಗೆ, ಒಂದು ವರ್ಷದೊಳಗಾದರೆ 20%. ನಿಮ್ಮ ಹತ್ತು ಲಕ್ಷದ ಇಟಿಎಫ್‌ನಲ್ಲಿ ನಾಲ್ಕು ಲಕ್ಷ ಲಾಭವಿದೆ ಎಂದುಕೊಳ್ಳಿ. ಎಲ್ಲವನ್ನೂ ಒಮ್ಮೆಗೇ ಮಾರಿದರೆ ಸೆಸ್ ಬಿಟ್ಟು 34,375 ರೂಪಾಯಿ ತೆರಿಗೆ. ಹೊಸ ಇಟಿಎಫ್ ವರ್ಷಕ್ಕೆ 0.1% ಹೆಚ್ಚು ಉಳಿಸಿಕೊಟ್ಟರೂ ಬರುವುದು ಸಾವಿರ ರೂಪಾಯಿ. ನಾನಾದರೆ ಹಳೆಯದನ್ನು ಮುಟ್ಟುವುದಿಲ್ಲ, ಇನ್ನು ಮುಂದೆ ಹಾಕುವ ಹಣವನ್ನಷ್ಟೇ ಹೊಸದಕ್ಕೆ ಹಾಕುತ್ತೇನೆ. ಬದಲಾಯಿಸಲೇಬೇಕು ಅನ್ನಿಸಿದರೆ ಪ್ರತಿ ವರ್ಷ ಮಾರ್ಚ್ ಮುಗಿಯುವ ಮೊದಲು 1.25 ಲಕ್ಷದೊಳಗಿನ ಲಾಭ ಬರುವಷ್ಟು ಯೂನಿಟ್ ಮಾತ್ರ ಮಾರುತ್ತ ಬರಬಹುದು. ನಾಲ್ಕು ಲಕ್ಷದ ಲಾಭವಾದರೆ ಮೂರ್ನಾಲ್ಕು ವರ್ಷದಲ್ಲಿ ತೆರಿಗೆಯ ಭಾರವಿಲ್ಲದೆ ಬಹುಪಾಲು ಆಚೆ ದಾಟಿರುತ್ತದೆ, ಬೇರೆ ಷೇರು, ಫಂಡ್ ಮಾರಿದ ಲಾಭವೂ ಅದೇ 1.25 ಲಕ್ಷದೊಳಗೆ ಸೇರುತ್ತದೆ ಅನ್ನುವುದನ್ನು ಮರೆಯದಿದ್ದರೆ.